ಪದರ ಪದರವಾಗಿ ಪಾತ್ರ: ಗೇಮ್ ಚಿತ್ರಕಲೆಯ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಆಯಾಮದ ವಿಡಿಯೊ ಗೇಮ್‌ಗಳ ಚಿತ್ರಕಲೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಕೂದಲು, ಉಡುಗೆ, ಬಣ್ಣಗಳನ್ನು ಆಟಗಾರರೇ ಆರಿಸಿಕೊಳ್ಳುವಂಥ ಪಾತ್ರದ ಸ್ಪ್ರೈಟ್‌ಗಳನ್ನು, ಅಂದರೆ ಪರದೆಯ ಮೇಲೆ ಚಲಿಸುವ ಚಿಕ್ಕ ಚಿತ್ರಗಳನ್ನು, ಹೇಗೆ ರಚಿಸಬೇಕು ಎಂಬುದೇ ಆ ವಿಷಯ. ಹಾಗಾಗಿ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ ಹಳ್ಳಿಯ ಬದುಕಿನ ಕುರಿತು ಪಿಕ್ಸೆಲ್ ಗೇಮ್ ಒಂದನ್ನು ಮಾಡುತ್ತಿದ್ದೇವೆ. ಗಂಡು, ಹೆಣ್ಣು ಎಂದು ಎರಡು ದೇಹ, ಆರು ಬಗೆಯ ಕೂದಲು, ಎಂಟು ಮೇಲುಡುಪು, ಆರು ಕೆಳಉಡುಪು, ನಾಲ್ಕು ಪಾದರಕ್ಷೆ ಇಷ್ಟು ಆಯ್ಕೆಗಳನ್ನು ಕೊಡಬೇಕೆಂದಿದ್ದೇವೆ. ಪದರಗಳಾಗಿ ಬಿಡಿಸಿದರೆ ಕೆಲಸ ಕಡಿಮೆಯಾಗುತ್ತದೆ ಎನ್ನುತ್ತಾರೆ. ಇದು ನಿಜವೇ? ಎಲ್ಲಿಂದ ಆರಂಭಿಸಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಜ. ಆದರೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದ ಮೇಲೆಯೇ ಕುಂಚ ಹಿಡಿಯುವುದು ಒಳ್ಳೆಯದು. ನೀವು ಹೇಳಿದ ಆಯ್ಕೆಗಳನ್ನು ಗುಣಿಸಿದರೆ 2,304 ಬೇರೆ ಬೇರೆ ಪಾತ್ರಗಳಾಗುತ್ತವೆ. ಅಷ್ಟನ್ನೂ ಪೂರ್ತಿಯಾಗಿ ಬಿಡಿಸುವುದು ಯಾರಿಂದಲೂ ಆಗದ ಮಾತು. ಪದರಗಳಾಗಿ ಬಿಡಿಸಿದರೆ ಎರಡು ದೇಹಗಳು, ಎರಡಕ್ಕೂ ಹೊಂದುವ ಆರು ಕೂದಲು, ಒಂದೊಂದು ದೇಹಕ್ಕೂ ಪ್ರತ್ಯೇಕವಾಗಿ ಹೊಂದಿಸಿದ ಹದಿನೆಂಟು ಉಡುಪುಗಳು ಸೇರಿ 44 ಸ್ಪ್ರೈಟ್ ಶೀಟ್‌ಗಳು (ಒಂದು ಪದರದ ಎಲ್ಲ ಚಲನೆಯ ಚಿತ್ರಗಳನ್ನು ಸಾಲಾಗಿ ಜೋಡಿಸಿದ ಹಾಳೆಗಳು) ಸಾಕು. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ, ಅಂದರೆ ಒಂದು ಶೀಟ್‌ನಲ್ಲಿ ಎಷ್ಟು ಫ್ರೇಮ್‌ಗಳು (ಚಲನೆಯ ಬಿಡಿ ಚಿತ್ರಗಳು) ಎಂಬಲ್ಲಿ.

ಮುಕ್ತ ಪರವಾನಗಿಯ ಪಾತ್ರಚಿತ್ರಗಳಲ್ಲಿ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು 2012ರಲ್ಲಿ ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಮೊಜಿಲ್ಲಾ ಮತ್ತು ಓಪನ್‌ಗೇಮ್‌ಆರ್ಟ್ ಜೊತೆಗೂಡಿ ನಡೆಸಿದ ಲಿಬರೇಟೆಡ್ ಪಿಕ್ಸೆಲ್ ಕಪ್ ಸ್ಪರ್ಧೆಯಿಂದ ಹುಟ್ಟಿದ ಮಾದರಿ. ಎಲ್‌ಪಿಸಿ ಎಂದೇ ಅದನ್ನು ಕರೆಯುತ್ತಾರೆ. ಅದರ ಮೂಲ ಶೀಟ್‌ನಲ್ಲಿ ಒಂದೊಂದು ಫ್ರೇಮ್ 64×64 ಪಿಕ್ಸೆಲ್. ನಾಲ್ಕು ದಿಕ್ಕುಗಳಲ್ಲಿ ಮಂತ್ರ ಹಾಕುವುದಕ್ಕೆ 7, ಈಟಿ ಚುಚ್ಚುವುದಕ್ಕೆ 8, ನಡಿಗೆಗೆ 9, ಕತ್ತಿ ಬೀಸುವುದಕ್ಕೆ 6, ಬಾಣ ಬಿಡುವುದಕ್ಕೆ 13 ಫ್ರೇಮ್‌ಗಳು, ಕೊನೆಯಲ್ಲಿ ಒಂದೇ ದಿಕ್ಕಿನಲ್ಲಿ ಬೀಳುವುದಕ್ಕೆ 6 ಫ್ರೇಮ್‌ಗಳು. ಕೂಡಿದರೆ 178. ನಿಮ್ಮ 44 ಶೀಟ್‌ಗಳನ್ನು ಈ ಮಾದರಿಯಲ್ಲಿ ಬಿಡಿಸಹೊರಟರೆ 7,832 ಚಿತ್ರಗಳಾಗುತ್ತವೆ. ನಡಿಗೆಯನ್ನು ಮಾತ್ರ ಇಟ್ಟುಕೊಂಡರೆ 1,584. ಹಳ್ಳಿಯ ಬದುಕಿನ ಆಟದಲ್ಲಿ ಬಿಲ್ಲುಬಾಣ ಬೇಕೇ ಎಂಬ ಪ್ರಶ್ನೆಯನ್ನು ಕಥೆ ಬರೆಯುವವರಿಗೆ ಬಿಡದೆ ಚಿತ್ರ ಬಿಡಿಸುವವರೇ ಮೊದಲು ಕೇಳಬೇಕು. ಹೊಸ ಅಂಗಿ ಸೇರಿಸಿದರೆ ದೇಹಕ್ಕೊಂದರಂತೆ ಎರಡು ಶೀಟ್ ಹೆಚ್ಚಾಗುತ್ತವೆ ಅಷ್ಟೆ. ಹೊಸ ಚಲನೆ ಸೇರಿಸಿದರೆ ಎಲ್ಲ ಅಂಗಿಗಳನ್ನೂ ಮತ್ತೊಮ್ಮೆ ಬಿಡಿಸಬೇಕಾಗುತ್ತದೆ.

ಈ ಲೆಕ್ಕವನ್ನು ಇನ್ನೂ ಇಳಿಸುವ ದಾರಿಯೊಂದಿದೆ. ದೇಹದ ಯಾವ ಭಾಗ ಚಲನೆಯಲ್ಲಿ ಆಕಾರ ಬದಲಿಸುತ್ತದೆ, ಯಾವುದು ಬರೀ ಜಾಗ ಬದಲಿಸುತ್ತದೆ ಎಂದು ವಿಂಗಡಿಸಿ ನೋಡಿ. ಎರಿಕ್ ಬರೋನ್ ಒಬ್ಬರೇ ರೂಪಿಸಿ 2016ರಲ್ಲಿ ಬಿಡುಗಡೆ ಮಾಡಿದ ಸ್ಟಾರ್ಡ್ಯೂ ವ್ಯಾಲಿ ಆಟವನ್ನೇ ತೆಗೆದುಕೊಳ್ಳಿ. ಅದರಲ್ಲಿ ರೈತನ ಫ್ರೇಮ್ 16×32 ಪಿಕ್ಸೆಲ್. ಅವನು ಅಗೆಯುತ್ತಾನೆ, ನೀರು ಹಾಕುತ್ತಾನೆ, ಗಾಳ ಹಾಕುತ್ತಾನೆ. ಆದರೂ ಒಂದು ಅಂಗಿಗೆ ಬಿಡಿಸಿರುವುದು ನಾಲ್ಕು ದಿಕ್ಕಿನ ನಾಲ್ಕೇ ಚಿತ್ರ, ಒಂದೊಂದೂ 8×8 ಪಿಕ್ಸೆಲ್. ಟೋಪಿಗೂ ಅಷ್ಟೇ, 20×20ರ ನಾಲ್ಕು ಚಿತ್ರ. ಯಾವ ಫ್ರೇಮ್‌ನಲ್ಲಿ ಅವನ್ನು ಎಷ್ಟು ಪಿಕ್ಸೆಲ್ ಮೇಲೆ ಕೆಳಗೆ, ಅತ್ತ ಇತ್ತ ಸರಿಸಬೇಕು ಎಂಬ ಪಟ್ಟಿ ಪ್ರೋಗ್ರಾಂನೊಳಗಿದೆ. ಬಾಗುವ ತೋಳುಗಳು ಪ್ರತ್ಯೇಕ ಪದರ. ಅವುಗಳ ಮೇಲಿನ ತೋಳಂಗಿಯನ್ನು ಯಾರೂ ಬಿಡಿಸಿಲ್ಲ. ಅಂಗಿಯ ಚಿತ್ರದಿಂದ ಬಣ್ಣ ಎತ್ತಿಕೊಂಡು ತೋಳಿನ ಪಿಕ್ಸೆಲ್‌ಗಳಿಗೆ ಪ್ರೋಗ್ರಾಮೇ ಹಚ್ಚುತ್ತದೆ. ಒಬ್ಬನೇ ಚಿತ್ರಕಾರ ನೂರಾರು ಅಂಗಿಗಳನ್ನು ಕೊಡಲು ಸಾಧ್ಯವಾದದ್ದು ಈ ವಿಂಗಡಣೆಯಿಂದ.

ಆರಂಭ ಎಲ್ಲಿಂದ ಎಂಬುದಕ್ಕೆ ಬರೋಣ. ಬೋಳು ತಲೆಯ, ಒಳಉಡುಪಿನ ಮೂಲದೇಹವನ್ನು ಎಲ್ಲ ದಿಕ್ಕುಗಳಲ್ಲಿ, ಎಲ್ಲ ಫ್ರೇಮ್‌ಗಳಲ್ಲಿ ಮುಗಿಸಿ, ಆಟದೊಳಗೆ ಓಡಾಡಿಸಿ, ನಾಲ್ವರೂ ಒಪ್ಪಿದ ಮೇಲೆಯೇ ಮೊದಲ ಅಂಗಿಗೆ ಕೈ ಹಾಕಿ. ಆಮೇಲೆ ಮೂಲದೇಹದ ಒಂದು ಪಿಕ್ಸೆಲ್ಲನ್ನೂ ಮುಟ್ಟಬಾರದು. ಭುಜವನ್ನು ಒಂದು ಪಿಕ್ಸೆಲ್ ಕಿರಿದು ಮಾಡಿದರೆ ಅಷ್ಟರವರೆಗೆ ಬಿಡಿಸಿದ ಪ್ರತಿಯೊಂದು ಉಡುಪೂ ತಪ್ಪಾಗುತ್ತದೆ. ಎಲ್‌ಪಿಸಿ ಮಾಡಿದ್ದೂ ಇದನ್ನೇ. ಮೂಲದೇಹ ಮತ್ತು ಶೈಲಿಯ ನಿಯಮಗಳನ್ನು ಮೊದಲು ಪ್ರಕಟಿಸಿ, ಅನಂತರ ಸ್ಪರ್ಧಿಗಳನ್ನು ಕರೆಯಿತು. ಒಬ್ಬರ ಮುಖ ಒಬ್ಬರು ನೋಡದ ಕಲಾವಿದರು ಬಿಡಿಸಿದ ಕವಚಗಳೂ ಕೂದಲುಗಳೂ ಹತ್ತು ವರ್ಷ ಕಳೆದರೂ ಅದೇ ದೇಹದ ಮೇಲೆ ಸರಿಯಾಗಿ ಕೂರುತ್ತಿವೆ.

ಪಾದರಕ್ಷೆಯ ಬಗ್ಗೆ ಒಂದು ಮಾತು. ಮೇಲಿನಿಂದ ನೋಡುವ ಆಟದಲ್ಲಿ ಕಾಲಿಗೆ ಸಿಗುವುದು ಮೂರು ನಾಲ್ಕು ಪಿಕ್ಸೆಲ್. ಅದರಲ್ಲಿ ಚಪ್ಪಲಿಗೂ ಬೂಟಿಗೂ ವ್ಯತ್ಯಾಸ ತೋರಿಸಲು ಒದ್ದಾಡುವ ಬದಲು ಪಾದದ ಪಿಕ್ಸೆಲ್‌ಗಳ ಬಣ್ಣವನ್ನಷ್ಟೇ ಬದಲಿಸಿ, ಉಳಿದ ಸಮಯವನ್ನು ಕೂದಲಿಗೆ ಕೊಡಿ. ಆಟಗಾರರು ಅತಿ ಹೆಚ್ಚು ಹೊತ್ತು ನೋಡುವುದು ತಮ್ಮ ಪಾತ್ರದ ತಲೆಯನ್ನೇ.

ಪ್ರಶ್ನೆ: ದೇಹ, ಪ್ಯಾಂಟ್, ಅಂಗಿ, ಕೂದಲು, ಟೋಪಿ ಎಂದು ಕೆಳಗಿನಿಂದ ಮೇಲಕ್ಕೆ ಪದರಗಳನ್ನು ಜೋಡಿಸಿದ್ದೇನೆ. ಪಾತ್ರ ನಮ್ಮತ್ತ ಮುಖ ಮಾಡಿದಾಗ ಸರಿಯಾಗಿದೆ. ಬೆನ್ನು ತಿರುಗಿಸಿದರೆ ಗುರಾಣಿ ಬೆನ್ನ ಮೇಲೆ ಅಂಟಿದಂತೆ ಕಾಣುತ್ತದೆ. ಎದುರಿನಿಂದ ನೋಡಿದರೆ ಜಡೆ ಎದೆಯ ಮೇಲೆ ಬರುತ್ತದೆ. ಪದರಗಳ ಸರಿಯಾದ ಕ್ರಮ ಯಾವುದು?
— ಓದುಗರೊಬ್ಬರು, ಧಾರವಾಡ

ಉತ್ತರ: ಒಂದೇ ಸರಿಯಾದ ಕ್ರಮ ಎಂಬುದಿಲ್ಲ. ದಿಕ್ಕಿಗೊಂದು ಕ್ರಮವಿದೆ. ನಿಮ್ಮ ಗುರಾಣಿಯನ್ನೇ ನೋಡಿ. ಅದು ಪಾತ್ರದ ಎಡಗೈಯಲ್ಲಿದೆ ಎಂದಿಟ್ಟುಕೊಂಡರೆ, ಪಾತ್ರ ನಮ್ಮತ್ತ ನೋಡುವಾಗ ಗುರಾಣಿ ದೇಹದ ಮುಂದೆ ಬರಬೇಕು. ಪರದೆಯ ಎಡಕ್ಕೆ ನಡೆಯುವಾಗ ಎಡಗೈ ನಮ್ಮ ಕಡೆಗಿರುವುದರಿಂದ ಆಗಲೂ ಮುಂದೆ. ಬಲಕ್ಕೆ ನಡೆಯುವಾಗ ಆ ಕೈ ದೇಹದ ಆಚೆ ಬದಿಯಲ್ಲಿರುತ್ತದೆ. ಹಾಗಾಗಿ ಗುರಾಣಿ ಹಿಂದೆ ಸರಿದು ಅಂಚು ಮಾತ್ರ ಕಾಣಬೇಕು. ಬೆನ್ನು ತಿರುಗಿಸಿದಾಗಲೂ ಹಿಂದೆ. ಇದನ್ನು ಗೇಮ್‌ನೊಳಗೆ ಅಲ್ಲಲ್ಲಿ ಷರತ್ತುಗಳಾಗಿ ಬರೆಯುತ್ತ ಹೋದರೆ ಹತ್ತನೆಯ ವಸ್ತುವಿನ ಹೊತ್ತಿಗೆ ಯಾರಿಗೂ ಅರ್ಥವಾಗದ ಗೋಜಲಾಗುತ್ತದೆ. ಅದರ ಬದಲು ಅಡ್ಡಸಾಲಿನಲ್ಲಿ ದಿಕ್ಕುಗಳನ್ನೂ ಉದ್ದಸಾಲಿನಲ್ಲಿ ಪದರಗಳನ್ನೂ ಬರೆದ ಒಂದೇ ಒಂದು ಕೋಷ್ಟಕ ಮಾಡಿ, ಪ್ರತಿ ಮನೆಯಲ್ಲೂ ಆ ಪದರದ ಎತ್ತರವನ್ನು, ಅಂದರೆ ಯಾವುದರ ಮೇಲೆ ಯಾವುದು ಎಂಬುದನ್ನು, ಸಂಖ್ಯೆಯಾಗಿ ನಮೂದಿಸಿ. ಸಂಖ್ಯೆಗಳ ನಡುವೆ ಹತ್ತರ ಅಂತರ ಬಿಟ್ಟರೆ ಮುಂದೆ ಹೊಸ ಪದರ ತೂರಿಸಲು ಜಾಗವಿರುತ್ತದೆ.

ಜಡೆಯ ಸಮಸ್ಯೆ ಬೇರೆ ಜಾತಿಯದು. ಎದುರಿನಿಂದ ನೋಡುವಾಗ ಹಣೆಯ ಮೇಲಿನ ಕೂದಲು ಮುಖಕ್ಕಿಂತ ಮುಂದಿರಬೇಕು, ಜಡೆ ಬೆನ್ನಿನ ಹಿಂದಿರಬೇಕು. ಅಂದರೆ ಅದೇ ಕೂದಲು ಏಕಕಾಲಕ್ಕೆ ಎರಡು ಎತ್ತರಗಳಲ್ಲಿದೆ. ಕೋಷ್ಟಕದಲ್ಲಿ ಏನು ಬರೆದರೂ ಒಂದೇ ಪದರದಿಂದ ಇದು ಸಾಧ್ಯವಿಲ್ಲ. ಕೂದಲನ್ನು ಮುಂಭಾಗ, ಹಿಂಭಾಗ ಎಂದು ಎರಡು ಶೀಟ್‌ಗಳಾಗಿ ಸೀಳಲೇಬೇಕು. ಮೇಲುಹೊದಿಕೆ, ಬೆನ್ನ ಮೇಲಿನ ಬುಟ್ಟಿ, ಮುಂದೆ ಹೇಳಲಿರುವ ಸೆರಗು ಎಲ್ಲಕ್ಕೂ ಇದೇ ಉಪಾಯ. ಬೀಸುವ ಕತ್ತಿಯಂಥ ವಸ್ತು ಒಂದೇ ಚಲನೆಯ ಮಧ್ಯದಲ್ಲಿ ಹಿಂದಿನಿಂದ ಮುಂದಕ್ಕೆ ಹಾದುಬರುತ್ತದೆ. ಅದಕ್ಕೂ ಎರಡು ಶೀಟ್ ಮಾಡಿ, ಯಾವ ಫ್ರೇಮ್‌ನಲ್ಲಿ ಯಾವುದು ಬೇಡವೋ ಅಲ್ಲಿ ಖಾಲಿ ಬಿಡುತ್ತಾರೆ. ದೊಡ್ಡ ಆಯುಧಗಳು 64 ಪಿಕ್ಸೆಲ್ ಚೌಕದಲ್ಲಿ ಹಿಡಿಸುವುದಿಲ್ಲ. ಎಲ್‌ಪಿಸಿಯಲ್ಲಿ ಅಂಥವಕ್ಕೆ 192×192ರ ಫ್ರೇಮ್ ಬಳಸಿ, ದೇಹವನ್ನು ಅದರ ನಟ್ಟನಡುವೆ ಇರಿಸುತ್ತಾರೆ.

ಕೊರಿಯಾದಲ್ಲಿ 2003ರಲ್ಲಿ ಆರಂಭವಾದ ಮೇಪಲ್‌ಸ್ಟೋರಿ ಎಂಬ ಆನ್‌ಲೈನ್ ಆಟ ಈ ಎಲ್ಲ ತೊಡಕುಗಳನ್ನು ಎದುರಿಸಿದ ರೀತಿ ಗಮನಿಸತಕ್ಕದ್ದು. ಅಲ್ಲಿ ಸಮಾನ ಅಳತೆಯ ಚೌಕಗಳೇ ಇಲ್ಲ. ಪ್ರತಿ ಅಂಗವೂ ತನಗೆ ಬೇಕಾದಷ್ಟೇ ಅಳತೆಯ ಚಿಕ್ಕ ಚಿತ್ರ. ಅದರ ಜೊತೆಗೆ ಕುತ್ತಿಗೆ, ಹೊಕ್ಕುಳು, ಕೈ, ಹುಬ್ಬು ಎಂಬ ಹೆಸರಿನ ಜೋಡಣೆಯ ಬಿಂದುಗಳು ದಾಖಲಾಗಿವೆ. ತಲೆಯ ಕುತ್ತಿಗೆಬಿಂದು ದೇಹದ ಕುತ್ತಿಗೆಬಿಂದುವಿನ ಮೇಲೆ ಕೂರುತ್ತದೆ, ಟೋಪಿ ಹುಬ್ಬಿನ ಬಿಂದುವಿನ ಮೇಲೆ ಕೂರುತ್ತದೆ. ಪದರಗಳ ಎತ್ತರ ಎಲ್ಲ ವಸ್ತುಗಳಿಗೂ ಸಮಾನವಾದ ಒಂದು ಪಟ್ಟಿಯಲ್ಲಿದೆ. ಈ ಟೋಪಿ ತೊಟ್ಟರೆ ಕೂದಲಿನ ಯಾವ ಭಾಗಗಳು ಮರೆಯಾಗಬೇಕು ಎಂಬುದನ್ನು ಟೋಪಿಯೇ ಸಂಕೇತಗಳ ಮೂಲಕ ತಿಳಿಸುತ್ತದೆ.

ಟೋಪಿಯಡಿಯಿಂದ ಕೂದಲು ಮುಳ್ಳಿನಂತೆ ಇಣುಕುವ ದೋಷ ಪದರ ಪದ್ಧತಿಯ ಹಳೆಯ ಶಾಪ. ಚಿಕ್ಕ ತಂಡಕ್ಕೆ ನಾನು ಸೂಚಿಸುವುದು ಇಷ್ಟು: ಕೂದಲಿನ ಮುಂಭಾಗದ ಶೀಟನ್ನು ಕಿವಿಯ ಮಟ್ಟದಲ್ಲಿ ಮೇಲು, ಕೆಳಗು ಎಂದು ಭಾಗ ಮಾಡಿ. ಪ್ರತಿ ಶಿರವಸ್ತ್ರಕ್ಕೂ ‘ಏನನ್ನೂ ಮರೆಮಾಡದು’, ‘ಮೇಲ್ಭಾಗ ಮರೆ’, ‘ಪೂರ್ತಿ ಮರೆ’ ಎಂಬ ಮೂರರಲ್ಲೊಂದು ಗುರುತು ಹಾಕಿ. ಮುಂಡಾಸಿಗೆ ಎರಡನೆಯದು, ಕಂಬಳಿಯ ಕೊಪ್ಪೆಗೆ ಮೂರನೆಯದು.

ಪ್ರಶ್ನೆ: ಬಟ್ಟೆಗಳನ್ನು ಬೂದು ಬಣ್ಣದಲ್ಲಿ ಬಿಡಿಸಿ ಗೇಮ್‌ನಲ್ಲಿ ಬಣ್ಣ ಹಚ್ಚಿದರೆ ಸಾಕಲ್ಲವೇ? ಪ್ಯಾಲೆಟ್ ಬದಲಾವಣೆ ಏಕೆ ಬೇಕು? ನಮ್ಮ ಪಾತ್ರಗಳ ಚರ್ಮದ ಬಣ್ಣವಂತೂ ಹೇಗೆ ಮಾಡಿದರೂ ಕೆಸರು ಬಳಿದಂತೆ ಕಾಣುತ್ತದೆ.
— ಚಿತ್ರಕಲಾ ಶಿಕ್ಷಕಿ, ಮೈಸೂರು

ಉತ್ತರ: ಬೂದು ಚಿತ್ರಕ್ಕೆ ಬಣ್ಣ ಹಚ್ಚುವುದೆಂದರೆ ಪ್ರತಿ ಪಿಕ್ಸೆಲ್‌ನ ಬೆಳಕಿನ ಮಟ್ಟವನ್ನು ಆರಿಸಿದ ಬಣ್ಣದಿಂದ ಗುಣಿಸುವುದು. ಫಲಿತಾಂಶ ಆರಿಸಿದ ಬಣ್ಣಕ್ಕಿಂತ ಎಂದೂ ಹೆಚ್ಚು ಬೆಳಗಾಗಲಾರದು. ನೆರಳು ಅದೇ ಬಣ್ಣದ ಕಪ್ಪಾದ ರೂಪವಾಗಿಯೇ ಉಳಿಯುತ್ತದೆ. ಚಿತ್ರ ಕಲಿಸುವ ನಿಮಗೆ ಹೇಳಬೇಕಾಗಿಲ್ಲ, ಹಳದಿ ಬಟ್ಟೆಯ ನೆರಳು ಕಪ್ಪು ಹಳದಿಯಲ್ಲ, ಅದು ಕಿತ್ತಳೆ ಅಥವಾ ಕಂದಿನತ್ತ ವಾಲುತ್ತದೆ. ನೀಲಿಯ ನೆರಳು ನೇರಳೆಯತ್ತ ಹೋಗುತ್ತದೆ. ಗುಣಾಕಾರಕ್ಕೆ ಈ ವಾಲುವಿಕೆ ಗೊತ್ತಿಲ್ಲ. ಚರ್ಮ ಕೆಸರಾಗಿ ಕಾಣುವುದೂ ಇದೇ ಕಾರಣಕ್ಕೆ.

ಪ್ಯಾಲೆಟ್ ಪದ್ಧತಿಯಲ್ಲಿ ಚಿತ್ರದೊಳಗೆ ಬಣ್ಣವೇ ಇರುವುದಿಲ್ಲ, ‘ಒಂದನೆಯ ಛಾಯೆ’, ‘ಎರಡನೆಯ ಛಾಯೆ’ ಎಂಬ ಸಂಖ್ಯೆಗಳಿರುತ್ತವೆ. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬುದನ್ನು ಪ್ರತ್ಯೇಕ ಪಟ್ಟಿಯೊಂದು ಹೇಳುತ್ತದೆ. ಪಟ್ಟಿ ಬದಲಿಸಿದರೆ ಅಂಗಿ ಬದಲಾಗುತ್ತದೆ, ಮತ್ತು ಪಟ್ಟಿಯ ಪ್ರತಿ ಛಾಯೆಯನ್ನೂ ಕಲಾವಿದರು ಕೈಯಾರೆ ಆರಿಸಿರುತ್ತಾರೆ. ಹಳೆಯ ನಿಂಟೆಂಡೊ ಯಂತ್ರದಲ್ಲಿ 8×8ರ ಒಂದು ಸ್ಪ್ರೈಟ್ ತುಣುಕಿಗೆ ಪಾರದರ್ಶಕವನ್ನು ಬಿಟ್ಟು ಮೂರೇ ಬಣ್ಣ ಸಿಗುತ್ತಿದ್ದ ಕಾಲದಲ್ಲಿ ಇದು ಅನಿವಾರ್ಯವಾಗಿತ್ತು. ಇಂದು ಅದೇ ಕೆಲಸವನ್ನು ಚಿಕ್ಕದೊಂದು ಶೇಡರ್ (ಪಿಕ್ಸೆಲ್‌ಗಳ ಬಣ್ಣವನ್ನು ಲೆಕ್ಕ ಹಾಕುವ ಪ್ರೋಗ್ರಾಂ) ಮಾಡುತ್ತದೆ. ಬಟ್ಟೆಗೆ ಐದು ಛಾಯೆ ಸಾಕು. ಆರಕ್ಕಿಂತ ಹೆಚ್ಚಾದರೆ 64 ಪಿಕ್ಸೆಲ್‌ನಲ್ಲಿ ಅದು ಮಬ್ಬಾಗಿ ಕಾಣುತ್ತದೆಯೇ ಹೊರತು ನಯವಾಗಿ ಅಲ್ಲ.

ಬಟ್ಟೆಯ ಒಂದು ಭಾಗ ಮಾತ್ರ ಬಣ್ಣ ಬದಲಿಸಿ, ಗುಂಡಿ, ಪಟ್ಟಿಗಳು ಹಾಗೇ ಉಳಿಯಬೇಕಾದಾಗ 1997ರ ಅಲ್ಟಿಮಾ ಆನ್‌ಲೈನ್ ಆಟದ ಜಾಣತನ ಇಂದಿಗೂ ಉಪಯುಕ್ತ. ಅಲ್ಲಿ ಪ್ರತಿ ಬಣ್ಣವೂ 32 ಮೆಟ್ಟಿಲುಗಳ ಒಂದು ಪಟ್ಟಿ. ಕೆಲವು ವಸ್ತುಗಳಲ್ಲಿ ಅಪ್ಪಟ ಬೂದು ಪಿಕ್ಸೆಲ್‌ಗಳು, ಅಂದರೆ ಕೆಂಪು, ಹಸಿರು, ನೀಲಿ ಮೂರೂ ಸಮನಾಗಿರುವವು ಮಾತ್ರ ಬಣ್ಣ ಹೀರುತ್ತವೆ. ಕಲಾವಿದರು ತೊಗಲಿನ ಬೆಲ್ಟಿಗೆ ಕಂದು ಹಚ್ಚಿಟ್ಟರೆ ಅದು ತಾನಾಗಿಯೇ ಬಚಾವ್. ಎಲ್ಲಿ ಬಣ್ಣ ಬೇಡ ಎಂದು ತಿಳಿಸುವ ಬೇರೆ ಚಿತ್ರ ಬೇಕಿಲ್ಲ, ಬೇರೆ ಪದರವೂ ಬೇಕಿಲ್ಲ.

ಚರ್ಮಕ್ಕೆ ಮಾತ್ರ ಗುಣಾಕಾರವನ್ನು ಬಳಸಲೇಬೇಡಿ. ತಿಳಿ ಗುಲಾಬಿ ಚರ್ಮವನ್ನು ಮೂಲವಾಗಿ ಬಿಡಿಸಿ ಅದನ್ನು ಕಂದಿನಿಂದ ಗುಣಿಸಿದಾಗ ನೆರಳುಗಳೆಲ್ಲ ಒಂದರೊಳಗೊಂದು ಸೇರಿ ಮುಖದ ಆಕಾರವೇ ಕರಗಿಹೋಗುತ್ತದೆ. ನಮ್ಮ ಆಟಗಳ ಮಟ್ಟಿಗೆ ನಡುಗಂದು ಚರ್ಮವನ್ನೇ ಮೂಲವಾಗಿ ಬಿಡಿಸುವುದು ಉಚಿತ. ಗಾಢ ಚರ್ಮದ ಬಣ್ಣಪಟ್ಟಿಯಲ್ಲಿ ಹೊಳಪಿನ ಛಾಯೆ ಉಳಿದವಕ್ಕಿಂತ ಸ್ಪಷ್ಟವಾಗಿ ಬೇರ್ಪಟ್ಟಿರಲಿ. ತಿಳಿ ಚರ್ಮದಲ್ಲಿ ನೆರಳು ಕೆಂಪಿನತ್ತ ವಾಲಲಿ. ಆರೇಳು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲದರಲ್ಲೂ ಮೂಗು ಕಾಣುತ್ತಿದೆಯೇ ಎಂದು ನೋಡಿ.

ಜೊತೆಗೆ ಔಟ್‌ಲೈನ್ ಬಗ್ಗೆ ಎಚ್ಚರಿಕೆ. ದೇಹಕ್ಕೂ ಕಪ್ಪು ಗೆರೆ, ತೋಳಂಗಿಗೂ ಕಪ್ಪು ಗೆರೆ ಎಳೆದರೆ ಮುಂಗೈ ತೋಳಂಗಿಯಿಂದ ಹೊರಬರುವ ಜಾಗದಲ್ಲಿ ಎರಡು ಗೆರೆಗಳು ಸೇರಿ ಕೈಗೆ ಬಳೆ ತೊಡಿಸಿದಂತಾಗುತ್ತದೆ. ಹೊರಅಂಚಿಗೆ ಮಾತ್ರ ಗೆರೆ ಕೊಡಿ, ಅದೂ ಆ ಪಟ್ಟಿಯ ಅತಿ ಗಾಢ ಛಾಯೆಯಲ್ಲಿ. ಪದರಗಳು ಪರಸ್ಪರ ಸೇರುವ ಕಡೆ ಮೇಲಿನ ಬಟ್ಟೆ ಕೆಳಗಿನದರ ಮೇಲೆ ಒಂದು ಪಿಕ್ಸೆಲ್ ನೆರಳು ಬೀಳಿಸಿದರೆ ಸಾಕು.

ಪ್ರಶ್ನೆ: ಸಿಗುವ ಉಚಿತ ಸ್ಪ್ರೈಟ್‌ಗಳಲ್ಲಿ ಗೌನು, ಕವಚ, ನಿಲುವಂಗಿಗಳೇ ತುಂಬಿವೆ. ನನಗೆ ಸೀರೆ ಬೇಕು, ಅದರಲ್ಲೂ ಇಳಕಲ್ ಸೀರೆ. ಗೌನಿನ ಮೇಲೆ ಅಡ್ಡಪಟ್ಟಿ ಎಳೆದು ನೋಡಿದೆ, ಸೀರೆಯಂತೆ ಕಾಣಲಿಲ್ಲ.
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಗೌನಿಗೆ ಎಡಬಲ ಭೇದವಿಲ್ಲ, ಸೀರೆಗೆ ಇದೆ. ಸೆರಗು ಬಲಸೊಂಟದಿಂದ ಎದೆಯ ಮೇಲೆ ಓರೆಯಾಗಿ ಏರಿ ಎಡಭುಜದಾಚೆ ಬೆನ್ನಿಗೆ ಇಳಿಯುತ್ತದೆ. ಎಡಕ್ಕೆ ನಡೆಯುವ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಬಲಕ್ಕೆ ಬಳಸುವ ಒಳದಾರಿ, ಉಳಿದ ಬಟ್ಟೆಗಳಲ್ಲಿ ಕಾಲು ಭಾಗ ಕೆಲಸ ಉಳಿಸುವಂಥದ್ದು, ಇಲ್ಲಿ ಮುಚ್ಚಿಹೋಗುತ್ತದೆ. ಎಡಕ್ಕೆ ನಡೆಯುವಾಗ ಭುಜದ ಮೇಲಿನ ಸೆರಗೂ ಬೆನ್ನ ಹಿಂದೆ ಇಳಿಬಿದ್ದ ಅದರ ತುದಿಯೂ ಪೂರ್ತಿ ಕಾಣುತ್ತವೆ. ಬಲಕ್ಕೆ ನಡೆಯುವಾಗ ಕುಪ್ಪಸದ ತೋಳು ಎದ್ದು ಕಾಣುತ್ತದೆ, ಸೆರಗಿನ ಅಂಚು ಎದೆಯ ಬಳಿ ಒಂದೆರಡು ಪಿಕ್ಸೆಲ್ ಮಾತ್ರ. ನಾಲ್ಕೂ ದಿಕ್ಕುಗಳನ್ನು ಪ್ರತ್ಯೇಕವಾಗಿಯೇ ಬಿಡಿಸಬೇಕು.

ಸೀರೆಯನ್ನು ಒಂದೇ ಪದರವಾಗಿ ಯೋಚಿಸಬೇಡಿ. ಕುಪ್ಪಸ ಮೇಲುಡುಪಿನ ಪದರದಲ್ಲಿ, ಸೊಂಟದಿಂದ ಕೆಳಗಿನ ಉಡಿಕೆ ಕೆಳಉಡುಪಿನ ಪದರದಲ್ಲಿ, ಸೆರಗು ಮುಂದಿನ ಮತ್ತು ಹಿಂದಿನ ಎರಡು ಪದರಗಳಲ್ಲಿ ಇರಲಿ. ಎಡತೋಳು ಬೀಸುವಾಗ ಸೆರಗಿನ ಮುಂಪದರ ತೋಳಿನ ಕೆಳಗಿರಬೇಕೋ ಮೇಲಿರಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿ. ತೋಳಿನ ಕೆಳಗಿಟ್ಟರೆ ಕೆಲಸ ಸುಲಭ, ನೋಟವೂ ಸ್ವಚ್ಛ. ಕೆಳಗಿನ ಉಡಿಕೆ ನೀವು ಹೆದರಿದಷ್ಟು ಕಷ್ಟವೇನಲ್ಲ. ಕಾಲುಗಳು ಕಾಣದ ಕಾರಣ ನಡಿಗೆಯ ಒಂಬತ್ತು ಫ್ರೇಮ್‌ಗಳಲ್ಲಿ ನಿಜವಾಗಿ ಬದಲಾಗುವುದು ನೆರಿಗೆಯ ತೂಗಾಟ ಮತ್ತು ಕೆಳಅಂಚಿನಿಂದ ಇಣುಕುವ ಬೆರಳುಗಳು. ಮೂರು ನಾಲ್ಕು ಚಿತ್ರಗಳನ್ನೇ ಸರದಿಯಲ್ಲಿ ಬಳಸಬಹುದು. ಓಡುವುದು, ಹೊಲದಲ್ಲಿ ಕುಳಿತು ಕಳೆ ಕೀಳುವುದು ಇದ್ದರೆ ಕಚ್ಚೆ ಹಾಕಿದ ಸೀರೆ ಬಿಡಿಸಿ. ಅದರಲ್ಲಿ ಕಾಲುಗಳು ಬೇರ್ಪಡುವುದರಿಂದ ಪ್ಯಾಂಟಿಗೆ ಬಿಡಿಸಿದ ಫ್ರೇಮ್‌ಗಳ ಮೇಲೆಯೇ ಅದನ್ನು ಕಟ್ಟಬಹುದು. ಕಚ್ಚೆಪಂಚೆಗೂ ಇದೇ ಮಾತು.

ಇಳಕಲ್ ಎಂದು ಗುರುತು ಸಿಗಬೇಕಾದರೆ ಒಡಲಿನ ಚೌಕಡಿಯ ಬೆನ್ನು ಹತ್ತಬೇಡಿ. ಈ ಅಳತೆಯಲ್ಲಿ ಚೌಕಡಿ ಬಿಡಿಸಿದರೆ ಪಾತ್ರ ನಡೆಯುವಾಗ ಅದು ಬಟ್ಟೆಯ ಮೇಲೆ ಇರುವೆ ಹರಿದಂತೆ ಮಿನುಗುತ್ತದೆ. ಒಡಲು ಒಂದೇ ಗಾಢ ಬಣ್ಣವಾಗಿರಲಿ, ದಡಿ ಒಂದೇ ಪಿಕ್ಸೆಲ್‌ನ ಕೆಂಪು ಗೆರೆಯಾಗಲಿ. ಗುರುತು ಹಿಡಿಸುವುದು ಸೆರಗು. ಟೋಪ್ ತೆನಿ ಎಂದು ಕರೆಯುವ ಇಳಕಲ್ ಸೆರಗಿನ ಕೆಂಪು ರೇಷ್ಮೆಯ ನಡುವಿನ ಬಿಳಿ ವಿನ್ಯಾಸವನ್ನು ಕೆಂಪು, ಬಿಳಿ, ಕೆಂಪು ಎಂಬ ಅಡ್ಡಪಟ್ಟಿಗಳಾಗಿ ಇಳಿಸಿ. ಸೆರಗಿಗೆ ಸಿಗುವುದು ಐದಾರು ಪಿಕ್ಸೆಲ್ ಅಗಲ, ಅದರಲ್ಲಿ ತೆನೆಯ ಮೊನಚನ್ನು ತೋರಿಸಲು ಬಿಳಿ ಪಟ್ಟಿಯ ಅಂಚನ್ನು ಒಂದು ಪಿಕ್ಸೆಲ್ ಬಿಟ್ಟು ಒಂದು ಪಿಕ್ಸೆಲ್ ಏರಿಳಿಸಿದರೆ ಸಾಕು. ಈ ಕೆಂಪು ಬಿಳಿ ಎರಡನ್ನೂ ಬಣ್ಣ ಬದಲಾಗದ ಭಾಗವಾಗಿಡಿ. ಒಡಲಿನ ಬಣ್ಣವನ್ನು ಆಟಗಾರರು ಆರಿಸಿಕೊಳ್ಳಲಿ. ಕಸೂತಿಯನ್ನು ಮಾತ್ರ ಸಂಭಾಷಣೆಯ ಪೆಟ್ಟಿಗೆಯಲ್ಲಿ ಬರುವ ದೊಡ್ಡ ಮುಖಚಿತ್ರಕ್ಕೆ ಉಳಿಸಿಕೊಳ್ಳಿ.

ಪ್ರಶ್ನೆ: ಗೋಡೋ ಎಂಬ ಗೇಮ್ ತಯಾರಿಸುವ ತಂತ್ರಾಂಶದಲ್ಲಿ ಎಂಟು ಪದರಗಳ ಪಾತ್ರ ಮಾಡಿದ್ದೇನೆ. ಸ್ವಲ್ಪ ಹೊತ್ತು ನಡೆದ ಮೇಲೆ ಅಂಗಿ ಒಂದು ಫ್ರೇಮ್ ಹಿಂದೆ ಬೀಳುತ್ತದೆ. ಊರಿನಲ್ಲಿ 40 ಜನರಿದ್ದಾರೆ, ಫೋನ್ ತಡೆದೀತೇ ಎಂಬ ಚಿಂತೆಯೂ ಇದೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಪ್ರತಿ ಪದರಕ್ಕೂ ತನ್ನದೇ ಅನಿಮೇಷನ್ ಗಡಿಯಾರ ಕೊಟ್ಟಿದ್ದೀರಿ ಎಂದು ತೋರುತ್ತದೆ. ಗಡಿಯಾರ ಒಂದೇ ಇರಲಿ. ಪದರಗಳೆಲ್ಲ ಬರೀ ಚಿತ್ರ ತೋರಿಸುವ ಸಾಮಾನ್ಯ ಸ್ಪ್ರೈಟ್‌2ಡಿ ನೋಡ್‌ಗಳಾಗಿದ್ದು, ಆ ಒಂದು ಗಡಿಯಾರ ಹೇಳಿದ ಫ್ರೇಮ್ ಸಂಖ್ಯೆಯನ್ನು ಎಲ್ಲವೂ ಪಾಲಿಸಲಿ. 13 ಉದ್ದಸಾಲು, 21 ಅಡ್ಡಸಾಲುಗಳ ಎಲ್‌ಪಿಸಿ ಶೀಟ್‌ನಲ್ಲಿ ಕೆಳಮುಖದ ನಡಿಗೆ ಸೊನ್ನೆಯಿಂದ ಎಣಿಸಿದರೆ ಹತ್ತನೆಯ ಸಾಲು. ಹಾಗಾಗಿ ಫ್ರೇಮ್ ಸಂಖ್ಯೆ 130ರಿಂದ 138. ಇದರಲ್ಲಿ 130 ನಿಂತ ಭಂಗಿ, ನಡೆಯುವಾಗ ಅದನ್ನು ಬಿಟ್ಟು 131ರಿಂದ ಸುತ್ತಬೇಕು.

ಇನ್ನು ಭಾರದ ವಿಚಾರ. 832×1344ರ ಪೂರ್ತಿ ಶೀಟ್ ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 4.3 ಎಂಬಿ ಮೆಮೊರಿ ಹಿಡಿಯುತ್ತದೆ. ಪದರಗಳನ್ನು ಹಾಗೇ ಬಿಟ್ಟರೆ ಒಂದೇ ಅಂಗಿಯ ಚಿತ್ರವನ್ನು ಹತ್ತು ಜನ ಹಂಚಿಕೊಳ್ಳುತ್ತಾರೆ, ಆದರೆ ಪರದೆಗೆ 320 ಸ್ಪ್ರೈಟ್ ಬಿಡಿಸಬೇಕು. ಇಂದಿನ ಫೋನಿಗೆ ಅದು ದೊಡ್ಡ ಹೊರೆಯಲ್ಲ. ಎಂಟನ್ನೂ ಒಂದೇ ಚಿತ್ರವಾಗಿ ಬೆಸೆದರೆ 40 ಸ್ಪ್ರೈಟ್ ಸಾಕು, ಆದರೆ ಹಂಚಿಕೆ ತಪ್ಪಿ 170 ಎಂಬಿ ಬೇಕಾಗುತ್ತದೆ. ಊರಿನ ಜನ ಬರೀ ನಡೆಯುವವರಾದರೆ ನಡಿಗೆಯ 576×256ರ ಭಾಗವನ್ನಷ್ಟೇ ಬೆಸೆಯಿರಿ. ಆಗ 40 ಜನಕ್ಕೂ ಸೇರಿ 23 ಎಂಬಿಗೆ ಮುಗಿಯುತ್ತದೆ. ತೊಂದರೆ ಕಾಣಿಸುವ ತನಕ ಯಾವುದನ್ನೂ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಒಂದು ಸಂದರ್ಭ ಮಾತ್ರ ಇದಕ್ಕೆ ಹೊರತು: ಪಾತ್ರ ಮಸುಕಾಗಿ ಮಾಯವಾಗುವಾಗ ಪ್ರತಿ ಪದರವೂ ಅರೆಪಾರದರ್ಶಕವಾಗಿ ಅಂಗಿಯೊಳಗಿನ ದೇಹ ಕಾಣತೊಡಗುತ್ತದೆ. ಗೋಡೋ 4ರಲ್ಲಿ ಎಲ್ಲ ಪದರಗಳನ್ನು, ಅವನ್ನು ಒಂದೇ ಚಿತ್ರವಾಗಿ ಸೇರಿಸಿ ತೋರಿಸುವ ಒಂದು ಕ್ಯಾನ್ವಾಸ್‌ಗ್ರೂಪ್ ಅಡಿಯಲ್ಲಿಟ್ಟರೆ ಇದು ಪರಿಹಾರವಾಗುತ್ತದೆ.

ಆಟವನ್ನು ಉಳಿಸುವಾಗ ‘ಮೂರನೆಯ ಕೂದಲು’ ಎಂದು ಸಂಖ್ಯೆ ಬರೆಯಬೇಡಿ, ‘ಉದ್ದಜಡೆ’ ಎಂದು ಹೆಸರು ಬರೆಯಿರಿ. ಮುಂದಿನ ಆವೃತ್ತಿಯಲ್ಲಿ ಪಟ್ಟಿಯ ನಡುವೆ ಹೊಸ ಕೂದಲು ಸೇರಿಸಿದ ದಿನ ಹಳೆಯ ಆಟಗಾರರೆಲ್ಲರ ಕೇಶವಿನ್ಯಾಸ ಬದಲಾಗಿಬಿಡುತ್ತದೆ.

ಪ್ರಶ್ನೆ: ಎಲ್‌ಪಿಸಿ ಚಿತ್ರಗಳನ್ನು ಹಣಕ್ಕೆ ಮಾರುವ ಆಟದಲ್ಲಿ ಬಳಸಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಬಳಸಬಹುದು. ಮೂಲ ಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 3.0 ಮತ್ತು ಜಿಪಿಎಲ್ 3.0 ಪರವಾನಗಿಗಳಲ್ಲಿವೆ, ಮಾರಾಟಕ್ಕೆ ಎರಡೂ ಅಡ್ಡಿ ಮಾಡುವುದಿಲ್ಲ. ಆದರೆ ದೇಹ ಬಿಡಿಸಿದವರು ಒಬ್ಬರು, ಕೂದಲು ಬಿಡಿಸಿದವರು ಇನ್ನೊಬ್ಬರು, ಅದನ್ನು ತಿದ್ದಿದವರು ಮತ್ತೊಬ್ಬರು ಆಗಿರುತ್ತಾರೆ. ಎಲ್ಲರ ಹೆಸರೂ ನಿಮ್ಮ ಆಟದಲ್ಲಿ ಇರಬೇಕು. ಒಂದೊಂದು ಶೀಟ್ ಇಳಿಸಿಕೊಳ್ಳುವಾಗಲೇ ಹೆಸರು, ಪರವಾನಗಿಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಬಿಡುಗಡೆಯ ಹಿಂದಿನ ದಿನ ಹುಡುಕಿದರೆ ಸಿಗುವುದಿಲ್ಲ. ನೀವು ಅವುಗಳನ್ನು ತಿದ್ದಿ ಮಾಡಿದ ಚಿತ್ರಗಳನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕಾಗುತ್ತದೆ. ಬಿವೈ-ಎಸ್‌ಎ ಪರವಾನಗಿಯಲ್ಲಿ, ಪಡೆದವರ ಹಕ್ಕನ್ನು ಮೊಟಕುಗೊಳಿಸುವ ತಾಂತ್ರಿಕ ಬೀಗಗಳಿಗೆ ನಿಷೇಧವೂ ಇದೆ. ಬೀಗ ಹಾಕುವ ಆನ್‌ಲೈನ್ ಮಳಿಗೆಗಳಲ್ಲಿ ಮಾರುವ ಯೋಜನೆಯಿದ್ದರೆ ಆ ಷರತ್ತನ್ನು ಓದಿ, ಅಗತ್ಯವೆನಿಸಿದರೆ ಕಲಾವಿದರ ಅನುಮತಿ ಕೇಳಿ.

ಪ್ರಶ್ನೆ: ಯಾವ ತಂತ್ರಾಂಶ ಒಳ್ಳೆಯದು?
— ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಹಣ ಕೊಡಬಲ್ಲಿರಾದರೆ ಏಸ್‌ಪ್ರೈಟ್. ಇಲ್ಲವಾದರೆ ಅದರ ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದ ಲಿಬ್ರೆಸ್ಪ್ರೈಟ್, ಅಥವಾ ಕ್ರಿಟಾ. ಪದರಗಳಿಗೆ ಮೊದಲ ದಿನದಿಂದಲೇ ಶಿಸ್ತಿನ ಹೆಸರಿಡಿ. ಏಸ್‌ಪ್ರೈಟ್ ಪ್ರತಿ ಪದರವನ್ನೂ ಅದರ ಹೆಸರಿನಲ್ಲೇ ಬೇರೆ ಬೇರೆ ಕಡತವಾಗಿ ಹೊರತೆಗೆಯಬಲ್ಲದು.

ಪ್ರಶ್ನೆ: ಮಕ್ಕಳು, ದಪ್ಪನೆಯವರು, ಮುದುಕರು ಎಂದು ಬೇರೆ ಬೇರೆ ದೇಹಗಳನ್ನು ಕೊಡುವ ಆಸೆಯಿದೆ. ಹೊಸ ಬಟ್ಟೆ ಎಲ್ಲ ದೇಹಗಳ ಮೇಲೂ ಸರಿಯಾಗಿ ಕೂತಿದೆ ಎಂದು ಪರೀಕ್ಷಿಸುವುದು ಹೇಗೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಒಂದೊಂದು ದೇಹವೂ ಇಡೀ ಬಟ್ಟೆಬೀರುವನ್ನು ಮತ್ತೊಮ್ಮೆ ಬಿಡಿಸುವ ಕೆಲಸ ಎಂಬುದನ್ನು ಮರೆಯದೆ ಆಸೆಪಡಿ. ತಲೆಯನ್ನು ದೇಹದಿಂದ ಬೇರ್ಪಡಿಸಿ ಎಲ್ಲ ದೇಹಗಳಿಗೂ ಒಂದೇ ಅಳತೆಯಲ್ಲಿ ಇಟ್ಟುಕೊಂಡರೆ ಕೂದಲು, ಟೋಪಿ, ಕನ್ನಡಕ, ಗಡ್ಡಗಳು ಎಲ್ಲರಿಗೂ ಸಲ್ಲುತ್ತವೆ. ದೇಹದ ಎತ್ತರಕ್ಕೆ ತಕ್ಕಂತೆ ತಲೆಯನ್ನು ಮೇಲೆ ಕೆಳಗೆ ಸರಿಸಿದರಾಯಿತು. ಮಗುವಿಗೆ ಅದೇ ದೊಡ್ಡ ತಲೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಮುದುಕರಿಗೆ ಬೇರೆ ದೇಹ ಬೇಡ. ನರೆಗೂದಲಿನ ಬಣ್ಣಪಟ್ಟಿ, ಸುಕ್ಕಿನ ಒಂದು ಮುಖಪದರ, ಕೈಗೊಂದು ಕೋಲು ಸಾಕು. ಉಳಿತಾಯವಾದ ಶ್ರಮದಲ್ಲಿ ದಪ್ಪನೆಯ ದೇಹವೊಂದನ್ನು ಧಾರಾಳವಾಗಿ ಸೇರಿಸಬಹುದು.

ಪರೀಕ್ಷೆಗೆ ಮೂಲದೇಹದ ಒಂದು ಪ್ರತಿ ಮಾಡಿ, ಅದಕ್ಕೆ ಕಣ್ಣು ಕುಕ್ಕುವ ಗಾಢ ಗುಲಾಬಿ ಬಣ್ಣವನ್ನು ಪೂರ್ತಿ ತುಂಬಿ. ಚರ್ಮದ ಬಣ್ಣದಲ್ಲಿ ಕಣ್ತಪ್ಪಿಹೋಗುವ ಒಂದು ಪಿಕ್ಸೆಲ್‌ನ ಕಿಂಡಿಯೂ ಈ ಗುಲಾಬಿಯಲ್ಲಿ ಕೂಗಿ ಹೇಳುತ್ತದೆ. ಹೊಸ ಬಟ್ಟೆಯನ್ನು ಅದರ ಮೇಲಿಟ್ಟು, ಎಲ್ಲ ಫ್ರೇಮ್‌ಗಳನ್ನೂ ನಾಲ್ಕು ಪಟ್ಟು ಹಿಗ್ಗಿಸಿದ ಒಂದೇ ಹಾಳೆಯಾಗಿ ಹೊರತೆಗೆಯುವ ಸಣ್ಣ ಸ್ಕ್ರಿಪ್ಟ್ ಬರೆದುಕೊಳ್ಳಿ. ಕಂಕುಳು, ಕುತ್ತಿಗೆಯ ಹಿಂಭಾಗ, ನಡಿಗೆಯಲ್ಲಿ ಹಿಂದೆ ಚಾಚಿದ ಕಾಲಿನ ಹಿಮ್ಮಡಿ, ಈ ಮೂರು ಕಡೆ ಮೊದಲು ನೋಡಿ. ಸೋರುವುದು ಹೆಚ್ಚಾಗಿ ಅಲ್ಲಿಯೇ.